ಕಿಡ್ನಿ ಕಸಿಯ ನಂತರ ಮನೆಯಲ್ಲಿ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ನನ್ನ ಪತಿಗೆ 46 ವರ್ಷ. ನಾಲ್ಕು ವರ್ಷ ಡಯಾಲಿಸಿಸ್‌ನಲ್ಲಿದ್ದರು. ಅವರ ಅಕ್ಕ ಮೂತ್ರಪಿಂಡ ಕೊಟ್ಟರು. ಕಸಿಯಾಗಿ ಮನೆಗೆ ಬಂದು ಮೂರು ವಾರವಾಯಿತು. ಸೋಂಕು ತಗಲೀತೆಂದು ಅವರನ್ನು ಒಂದೇ ಕೋಣೆಯಲ್ಲಿ ಇರಿಸಿದ್ದೇವೆ. ಮಕ್ಕಳನ್ನೂ ಒಳಗೆ ಬಿಡುವುದಿಲ್ಲ, ಓಡಾಡಲು ಬಿಡುವುದಿಲ್ಲ, ಕಿಟಕಿಯನ್ನೂ ಮುಚ್ಚಿಟ್ಟಿದ್ದೇವೆ. ಮಾತ್ರೆಗಳನ್ನು ಬೆಳಗಿನ ಉಪಾಹಾರದ ಜೊತೆಗೆ ಮತ್ತು ರಾತ್ರಿ ಮಲಗುವ ಮುಂಚೆ ಕೊಡುತ್ತಿದ್ದೇನೆ. ಅವರ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಸಣ್ಣ ಮಾತಿಗೂ ಸಿಡುಕುತ್ತಾರೆ. ‘ನಾನು ಚೆನ್ನಾಗಿದ್ದೇನೆ, ಸ್ವಂತ ಅಕ್ಕನ ಕಿಡ್ನಿ, ಇಷ್ಟೊಂದು ಮಾತ್ರೆ ಯಾಕೆ, ವಾರಕ್ಕೆರಡು ಸಲ ರಕ್ತ ಯಾಕೆ’ ಎಂದು ಕೇಳುತ್ತಾರೆ. ಬಂಧುಗಳು ಶಕ್ತಿ ಬರಲೆಂದು ಒಂದು ಗಿಡಮೂಲಿಕೆ ಪುಡಿ ಕಳುಹಿಸಿದ್ದಾರೆ, ಕೊಡಬಹುದೇ? ಎಷ್ಟು ದಿನ ಹೀಗೆ ಇರಬೇಕು?

ಉತ್ತರ: ಕೋಣೆಯ ಬಗ್ಗೆ ನೀವು ವಿವರವಾಗಿ ಬರೆದಿದ್ದೀರಿ, ಮಾತ್ರೆಯ ಹೊತ್ತಿನ ಬಗ್ಗೆ ಒಂದೇ ಒಂದು ಸಾಲು. ನನ್ನನ್ನು ಚಿಂತೆಗೆ ಹಚ್ಚಿದ್ದು ಆ ಒಂದು ಸಾಲು. ಕಸಿಯಾದವರ ಮನೆಗಳಲ್ಲಿ ಇದು ಸಾಮಾನ್ಯ. ಭಯ ಬೇಕಾದಷ್ಟಿರುತ್ತದೆ, ಆದರೆ ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ಉಪಾಹಾರ ಎಂಟು ಗಂಟೆಗೆ, ಮಲಗುವುದು ಹನ್ನೊಂದಕ್ಕೆ ಎಂದಿಟ್ಟುಕೊಳ್ಳೋಣ. ಆಗ ಎರಡು ಡೋಸ್‌ಗಳ ನಡುವೆ ಹಗಲಿನಲ್ಲಿ ಹದಿನೈದು ಗಂಟೆ, ರಾತ್ರಿಯಲ್ಲಿ ಒಂಬತ್ತು ಗಂಟೆ ಅಂತರವಾಯಿತು. ನಿಮ್ಮ ಪತಿ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಬಹುಶಃ ಟ್ಯಾಕ್ರೋಲಿಮಸ್ ಇದೆ. ದಿನಕ್ಕೆರಡು ಬಾರಿಯ ಮಾದರಿಯಾದರೆ ಅದನ್ನು ಹನ್ನೆರಡು ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ಹೊಸ ಅಂಗದ ಮೇಲೆ ದೇಹ ತಿರುಗಿಬೀಳದಂತೆ ತಡೆಯುವ ಮುಖ್ಯ ಔಷಧ ಇದು. ರಕ್ತದಲ್ಲಿ ಇದರ ಪ್ರಮಾಣ ಕಡಿಮೆಯಾದರೆ ದೇಹ ಕಿಡ್ನಿಯನ್ನು ನಿರಾಕರಿಸಬಹುದು. ಹೆಚ್ಚಾದರೆ ಅದೇ ಔಷಧ ಕಿಡ್ನಿಗೆ ವಿಷವಾಗುತ್ತದೆ. ನಡುವೆ ಇರುವ ದಾರಿ ಬಹಳ ಕಿರಿದು. ಮೊದಲ ತಿಂಗಳುಗಳಲ್ಲಿ ಅನೇಕ ಕೇಂದ್ರಗಳು ಪ್ರತಿ ಮಿಲಿಲೀಟರ್ ರಕ್ತಕ್ಕೆ 8ರಿಂದ 12 ನ್ಯಾನೋಗ್ರಾಂ ಆಸುಪಾಸಿನಲ್ಲಿ ಇರಿಸಲು ನೋಡುತ್ತವೆ, ಆಮೇಲೆ ಇಳಿಸುತ್ತವೆ. ನಿಮ್ಮವರಿಗೆ ಎಷ್ಟಿರಬೇಕು ಎಂಬುದನ್ನು ಅವರ ವೈದ್ಯರೇ ಹೇಳಬೇಕು.

ಹೊತ್ತು ತಪ್ಪಿದರೆ ಪರೀಕ್ಷೆಯ ಫಲಿತಾಂಶವೂ ದಾರಿ ತಪ್ಪಿಸುತ್ತದೆ. ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಷ್ಟಿದೆ ಎಂದು ನೋಡುವುದು ಹಿಂದಿನ ಡೋಸ್ ಆಗಿ ಹನ್ನೆರಡು ಗಂಟೆಯಾದ ಮೇಲೆ, ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು. ಅವರು ರಾತ್ರಿ ಹನ್ನೊಂದಕ್ಕೆ ಮಾತ್ರೆ ನುಂಗಿ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟರೆ ಒಂಬತ್ತೇ ಗಂಟೆಯಾಗಿರುತ್ತದೆ. ಸಂಖ್ಯೆ ಇರಬೇಕಾದುದಕ್ಕಿಂತ ಹೆಚ್ಚು ಬರುತ್ತದೆ. ವೈದ್ಯರು ಅದನ್ನು ನೋಡಿ ಡೋಸ್ ಇಳಿಸುತ್ತಾರೆ. ಅಲ್ಲಿಗೆ, ಸಾಕಷ್ಟು ಔಷಧ ಇಲ್ಲದ ದೇಹಕ್ಕೆ ಇನ್ನೂ ಕಡಿಮೆ ಔಷಧ ಹೋಗತೊಡಗುತ್ತದೆ. ಇದರಲ್ಲಿ ಯಾರೂ ಅಜಾಗರೂಕರಲ್ಲ. ಕೊಟ್ಟ ಹೊತ್ತು ವೈದ್ಯರಿಗೆ ಗೊತ್ತಿರಲಿಲ್ಲ, ಅಷ್ಟೇ. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ನಿಮ್ಮ ಕಸಿ ಸಂಯೋಜಕರಿಗೆ ಕರೆ ಮಾಡಿ, ಇಷ್ಟು ದಿನ ಯಾವ ಹೊತ್ತಿಗೆ ಕೊಡುತ್ತಿದ್ದಿರಿ ಎಂಬುದನ್ನು ಇದ್ದ ಹಾಗೆ ಹೇಳಿ. ಹೊಸ ಸಮಯಕ್ಕೆ ಹೇಗೆ ಬರಬೇಕೆಂದು ಅವರು ತಿಳಿಸುತ್ತಾರೆ. ನೀವಾಗಿಯೇ ಬದಲಿಸಬೇಡಿ. ಆಮೇಲೆ ಮೊಬೈಲ್‌ನಲ್ಲಿ ಎರಡು ಅಲಾರಂ ಇಟ್ಟುಬಿಡಿ, ಒಂದು ನಿಮ್ಮದರಲ್ಲಿ, ಇನ್ನೊಂದು ಅವರದರಲ್ಲಿ.

ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ಮನೆಯಲ್ಲಿ ಕೊಡಬೇಡಿ. ಚಿಕ್ಕ ಡಬ್ಬಿಯಲ್ಲಿ ಹಾಕಿ ಅವರ ಜೇಬಿನಲ್ಲಿಡಿ. ರಕ್ತ ತೆಗೆದು ಹತ್ತಿ ಒತ್ತಿ ಹಿಡಿದಿರುವಾಗಲೇ ನುಂಗಲಿ. ಉಪಾಹಾರದ ಜೊತೆಗೆ ಕೊಡುವುದರ ಬಗ್ಗೆಯೂ ಒಂದು ಮಾತು. ಆಹಾರದ ಜೊತೆ, ಅದರಲ್ಲೂ ಜಿಡ್ಡಿನ ಆಹಾರದ ಜೊತೆ, ಟ್ಯಾಕ್ರೋಲಿಮಸ್ ದೇಹಕ್ಕೆ ಕಡಿಮೆ ಸೇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಮೂರು ಗಂಟೆಯ ನಂತರ ಎನ್ನುತ್ತೇವೆ. ಅದಕ್ಕಿಂತಲೂ ಮುಖ್ಯವಾದದ್ದು, ದಿನಕ್ಕೊಂದು ರೀತಿ ಮಾಡದಿರುವುದು.

ಡೋಸ್ ಮರೆತುಹೋದರೆ ಮುಂದಿನ ಸಲ ಎರಡು ಸೇರಿಸಿ ಕೊಡಬಾರದು. ಕರೆ ಮಾಡಿ ಕೇಳಿ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿಯಾದರೂ ಅಷ್ಟೆ. ಭೇದಿ ಶುರುವಾದರಂತೂ ಅದೇ ದಿನ ತಿಳಿಸಬೇಕು. ಭೇದಿಯಾದರೆ ಔಷಧ ಹೊರಗೆ ಹೋಗಿ ಪ್ರಮಾಣ ಕಡಿಮೆಯಾಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಟ್ಯಾಕ್ರೋಲಿಮಸ್ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ: ಕರುಳಿನ ಒಳಪದರ ಹಾಳಾದಾಗ ಅದು ಹೆಚ್ಚಾಗಿ ಹೀರಿಕೊಳ್ಳಲ್ಪಟ್ಟು, ರಕ್ತದಲ್ಲಿ ಏರುತ್ತದೆ. ದೇಹದ ನೀರೂ ಕಡಿಮೆಯಾಗಿರುವ ಆ ಹೊತ್ತಿನಲ್ಲಿ ಕಿಡ್ನಿಗೆ ಎರಡೂ ಕಡೆಯಿಂದ ಪೆಟ್ಟು.

ಅಂಗಡಿಯಲ್ಲಿ ‘ಅದೇ ಔಷಧ, ಬೇರೆ ಕಂಪನಿ’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ದಿನಕ್ಕೆರಡು ಬಾರಿಯ ಟ್ಯಾಕ್ರೋಲಿಮಸ್ ಬೇರೆ, ದಿನಕ್ಕೊಂದೇ ಬಾರಿ ನುಂಗುವ ನಿಧಾನಗತಿಯದು ಬೇರೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಕಂಪನಿ ಬದಲಾಗಲೇಬೇಕಾದರೆ ವೈದ್ಯರಿಗೆ ಹೇಳಿ ಬದಲಿಸಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಾತ್ರೆ ಖಾಲಿಯಾಗಲು ಒಂದು ವಾರ ಇರುವಾಗಲೇ ತರಿಸಿಡಿ.

ಈಗ ಆ ಪುಡಿಯ ವಿಷಯ. ಕೊಡಬೇಡಿ. ಕಳುಹಿಸಿದವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ರೋಗನಿರೋಧಕ ಶಕ್ತಿ ಹೆಚ್ಚಾಗಲಿ ಎಂದು ಅವರು ಹಾರೈಸುತ್ತಿದ್ದಾರೆ. ನಾವು ಅದನ್ನೇ ಲೆಕ್ಕ ಹಾಕಿ ಕಡಿಮೆ ಮಾಡಲು ದಿನಕ್ಕೆರಡು ಬಾರಿ ಮಾತ್ರೆ ಕೊಡುತ್ತಿದ್ದೇವೆ. ಜೊತೆಗೆ, ಟ್ಯಾಕ್ರೋಲಿಮಸ್ ಅನ್ನು ಯಕೃತ್ತು ಕರಗಿಸುವ ದಾರಿಯಲ್ಲೇ ಇನ್ನೂ ಎಷ್ಟೋ ವಸ್ತುಗಳು ಹಾಯುತ್ತವೆ. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಹಣ್ಣುಗಳು ಆ ದಾರಿಯನ್ನು ಕಟ್ಟಿ ಔಷಧದ ಪ್ರಮಾಣವನ್ನು ಏರಿಸುತ್ತವೆ. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್‌ನಂತಹ ಆಂಟಿಬಯೋಟಿಕ್‌ಗಳು, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲೂಕೊನಜೋಲ್, ರಕ್ತದೊತ್ತಡಕ್ಕೆ ಕೊಡುವ ಡಿಲ್ಟಿಯಾಜೆಮ್ ಇವೂ ಹಾಗೆಯೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಇದರ ಪ್ರಮಾಣವನ್ನು ತೀರಾ ಕೆಳಗಿಳಿಸುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳು ನೇರವಾಗಿ ಕಿಡ್ನಿಗೇ ತೊಂದರೆ ಕೊಡುತ್ತವೆ. ಈ ಪಟ್ಟಿಯನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ. ಹಲ್ಲಿನ ವೈದ್ಯರೇ ಇರಲಿ, ಕಣ್ಣಿನ ವೈದ್ಯರೇ ಇರಲಿ, ಯಾರು ಏನು ಬರೆದುಕೊಟ್ಟರೂ ಮೊದಲು ಕಸಿ ಕೇಂದ್ರಕ್ಕೆ ಒಂದು ಕರೆ ಹೋಗಲಿ.

‘ಚೆನ್ನಾಗಿದ್ದೇನೆ, ಸ್ವಂತ ಅಕ್ಕನ ಕಿಡ್ನಿ’ ಎಂಬ ಅವರ ವಾದಕ್ಕೆ ಬರೋಣ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತವರ ತಂಡ ಮಾಡಿದ ಮೂತ್ರಪಿಂಡ ಕಸಿ, ದೀರ್ಘಕಾಲ ಯಶಸ್ವಿಯಾದ ಮೊದಲ ಕಸಿ. ಆ ರೋಗಿ ಇಂದಿನಂತಹ ಯಾವ ಮಾತ್ರೆಯೂ ಇಲ್ಲದೆ ಎಂಟು ವರ್ಷ ಬದುಕಿದ. ಅದು ಸಾಧ್ಯವಾದದ್ದು ಕೊಟ್ಟವನು ಅವನ ತದ್ರೂಪಿ ಅವಳಿ ಸಹೋದರನಾಗಿದ್ದರಿಂದ. ಒಡಹುಟ್ಟಿದವರೆಂದ ಮಾತ್ರಕ್ಕೆ ಆ ಹೊಂದಾಣಿಕೆ ಬರುವುದಿಲ್ಲ. ಅಕ್ಕನ ಕಿಡ್ನಿ ಒಳ್ಳೆಯ ಆಯ್ಕೆ, ನಿಜ. ಆದರೂ ನಿಮ್ಮ ಪತಿಯ ರಕ್ತಕಣಗಳ ಕಣ್ಣಿಗೆ ಅದು ಹೊರಗಿನದೇ. ತಿಂಗಳು ಕಳೆದರೂ, ವರ್ಷಗಳು ಕಳೆದರೂ ಆ ಗುರುತು ಪೂರ್ತಿ ಅಳಿಸಿಹೋಗುವುದಿಲ್ಲ. ಡೋಸ್ ಕಡಿಮೆಯಾಗುತ್ತಾ ಹೋಗುತ್ತದೆ, ಮಾತ್ರೆ ನಿಲ್ಲುವುದಿಲ್ಲ.

ಚೆನ್ನಾಗಿರುವುದಕ್ಕೂ ಕಿಡ್ನಿ ಚೆನ್ನಾಗಿರುವುದಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಒಪ್ಪಿಸುವುದೇ ನಮಗೆ ಕಷ್ಟ. ಕಸಿ ಮಾಡುವಾಗ ರಕ್ತನಾಳಗಳನ್ನೂ ಮೂತ್ರನಾಳವನ್ನೂ ಜೋಡಿಸುತ್ತಾರೆ, ನರಗಳನ್ನು ಜೋಡಿಸುವುದಿಲ್ಲ. ಹಾಗಾಗಿ ನಿರಾಕರಣೆ ಶುರುವಾದಾಗ ಅನೇಕರಿಗೆ ನೋವೇ ಇರುವುದಿಲ್ಲ. ಜ್ವರ, ಊತ, ಮೂತ್ರ ಕಡಿಮೆಯಾಗುವುದು ಇವೆಲ್ಲ ಬರಬಹುದು, ಬರದೆಯೂ ಇರಬಹುದು. ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಲ್ಮಶ ಕ್ರಿಯಾಟಿನಿನ್. 1.2 ಇದ್ದ ಅದು 1.6 ಆಗಿರುತ್ತದೆ, ರೋಗಿ ಮಾತ್ರ ನಗುನಗುತ್ತಾ ನಡೆದುಕೊಂಡು ಬಂದಿರುತ್ತಾರೆ. ಆ ಏರಿಕೆಗೆ ನೀರು ಸಾಲದಿರುವುದು, ಔಷಧ ಹೆಚ್ಚಾಗಿರುವುದು, ಸೋಂಕು, ನಿರಾಕರಣೆ ಯಾವುದೂ ಕಾರಣವಾಗಿರಬಹುದು. ಕೆಲವೊಮ್ಮೆ ಕಿಡ್ನಿಯ ಚಿಕ್ಕ ತುಣುಕು ತೆಗೆದು ನೋಡುವ ಬಯಾಪ್ಸಿಯೇ ಹೇಳಬೇಕು. ಬೇಗ ಗೊತ್ತಾದ ನಿರಾಕರಣೆಯನ್ನು ಬಹಳಷ್ಟು ಸಲ ಚಿಕಿತ್ಸೆಯಿಂದ ತಡೆಯಬಹುದು. ತಡವಾದರೆ ಹೋದ ಶಕ್ತಿ ಮರಳುವುದು ಕಷ್ಟ. ವಾರಕ್ಕೆರಡು ಸಲ ರಕ್ತ ತೆಗೆಯುವುದು ಅದಕ್ಕೆ. ಅಪಾಯ ಹೆಚ್ಚಿರುವುದು ಮೊದಲ ಮೂರು ತಿಂಗಳು, ಆಮೇಲೆ ಭೇಟಿಗಳು ತಾವಾಗಿಯೇ ವಿರಳವಾಗುತ್ತವೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ತೂಕದ ಯಂತ್ರದ ಮೇಲೆ ತೂಕ. ಬೆಳಿಗ್ಗೆ ಸಂಜೆ ಜ್ವರದ ಅಳತೆ ಮತ್ತು ರಕ್ತದೊತ್ತಡ. ಹೇಳಿದ್ದರೆ ರಕ್ತದ ಸಕ್ಕರೆ. ದಿನಕ್ಕೆ ಕುಡಿದದ್ದು, ಹೋದದ್ದು. ಈ ಪುಸ್ತಕವನ್ನು ಅವರೇ ಬರೆಯಲಿ. ನಾಲ್ಕು ವರ್ಷ ಯಂತ್ರದ ಪಕ್ಕ ಮಲಗಿದ್ದವರಿಗೆ ತಮ್ಮ ದೇಹದ ಲೆಕ್ಕ ತಮ್ಮ ಕೈಗೆ ಬರುವುದು ಚಿಕ್ಕ ವಿಷಯವಲ್ಲ.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಕರೆ ಮಾಡಿ. ಕರೆ ಮಾಡುವ ಮೊದಲು ಪ್ಯಾರಸಿಟಮಾಲ್ ಕೊಟ್ಟು ಜ್ವರವನ್ನು ಮುಚ್ಚಿಹಾಕಬೇಡಿ. ನಿರಾಕರಣೆ ತಡೆಯಲು ಟ್ಯಾಕ್ರೋಲಿಮಸ್ ಜೊತೆಗೆ ಕೊಡುವ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ದೊಡ್ಡ ಸೋಂಕಿಗೂ ಚಿಕ್ಕ ಜ್ವರವೇ ಬರಬಹುದು, ಹಾಗಾಗಿ ಜ್ವರವಿಲ್ಲದೆಯೇ ಚಳಿ ನಡುಕ ಬಂದರೂ ಸುಮ್ಮನಿರುವಂತಿಲ್ಲ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ತೂಕ ಏರಿದರೆ, ಮೂತ್ರ ಎದ್ದು ಕಾಣುವಷ್ಟು ಕಡಿಮೆಯಾದರೆ ಅಥವಾ ಕೆಂಪಾದರೆ, ಗಾಯದಿಂದ ಕೀವು ಅಥವಾ ನೀರು ಬಂದರೆ, ಕಸಿಯಾದ ಕಡೆಯ ಕಾಲು ಒಂದೇ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಆ ಕೋಣೆ. ಕಿಟಕಿ ತೆರೆಯಿರಿ, ಬಾಗಿಲನ್ನೂ ತೆರೆಯಿರಿ. ಮಲಗಿಸಿ ಇಟ್ಟರೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಸ್ಟೀರಾಯ್ಡ್‌ನಿಂದ ಮೊದಲೇ ಸೊರಗುವ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ಅವರು ದಿನಕ್ಕೆ ನಾಲ್ಕೈದು ಸಲ ನಡೆಯಬೇಕು, ಪ್ರತಿದಿನ ಸ್ವಲ್ಪ ಹೆಚ್ಚು. ಮಾಡಬಾರದ್ದು ಭಾರ ಎತ್ತುವುದು: ಆರರಿಂದ ಎಂಟು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಬೇಡ. ಹೊಸ ಕಿಡ್ನಿ ಬೆನ್ನಿನ ಬದಿಯಲ್ಲಿಲ್ಲ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ, ಚರ್ಮದ ಕೆಳಗೆ ಸ್ವಲ್ಪವೇ ಆಳದಲ್ಲಿ ಕೂತಿದೆ. ಕೆಮ್ಮುವಾಗ ಅಲ್ಲಿ ಒಂದು ದಿಂಬು ಒತ್ತಿ ಹಿಡಿದರೆ ಹಾಯೆನಿಸುತ್ತದೆ. ವಾಹನ ಓಡಿಸುವುದನ್ನು ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಬಿಟ್ಟಿರಲಿ. ದಾಂಪತ್ಯಕ್ಕೂ ಹೆಚ್ಚುಕಡಿಮೆ ಅದೇ ಅವಧಿ. ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಬೇಕಿರುತ್ತದೆ. ಕಸಿ ಮಾಡಿಸಿಕೊಂಡವರು ಹೆಣ್ಣಾಗಿದ್ದರಂತೂ ಗರ್ಭನಿರೋಧದ ಮಾತನ್ನು ಮೊದಲೇ ಆಡಬೇಕು, ಏಕೆಂದರೆ ನಿರಾಕರಣೆ ತಡೆಯಲು ಕೊಡುವ ಇನ್ನೊಂದು ಔಷಧ ಮೈಕೋಫಿನೋಲೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ.

ಒಳಗೆ ಒಂದು ಸ್ಟೆಂಟ್ ಇಟ್ಟಿದ್ದಾರೆಯೇ ಎಂದು ಬಿಡುಗಡೆಯ ಚೀಟಿಯಲ್ಲಿ ನೋಡಿ. ಮೂತ್ರನಾಳ ಜೋಡಿಸಿದ ಕಡೆ ಇಡುವ ಈ ತೆಳು ಕೊಳವೆಯನ್ನು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯುತ್ತಾರೆ. ಪದೇಪದೇ ಮೂತ್ರಕ್ಕೆ ಅವಸರವಾಗುವುದು, ಕೊನೆಯಲ್ಲಿ ಸೆಳೆತ ಬರುವುದು ಬಹಳಷ್ಟು ಸಲ ಅದರಿಂದಲೇ. ತೆಗೆಯುವ ದಿನಾಂಕವನ್ನು ಗೋಡೆಯ ಮೇಲೆ ಬರೆದು ಅಂಟಿಸಿ. ಮರೆತು ಒಳಗೇ ಉಳಿದ ಸ್ಟೆಂಟ್‌ಗೆ ಕಲ್ಲು ಕಟ್ಟುತ್ತದೆ, ಸೋಂಕು ಹಿಡಿಯುತ್ತದೆ.

ಸೋಂಕು ಬರುವುದು ಮಕ್ಕಳಿಂದಲ್ಲ, ನೆಗಡಿ ಹಿಡಿದ ಮಕ್ಕಳಿಂದ. ನೆಗಡಿ ಹಿಡಿದ ದೊಡ್ಡವರಿಂದ ಅಷ್ಟೇ ಬರುತ್ತದೆ. ಆರೋಗ್ಯವಾಗಿರುವ ಮಕ್ಕಳು ಶಾಲೆಯಿಂದ ಬಂದು, ಸೋಪು ಹಾಕಿ ಕೈ ತೊಳೆದು ಅಪ್ಪನ ಪಕ್ಕ ಕೂರಲಿ. ಜ್ವರವೋ ಕೆಮ್ಮೋ ಇದ್ದರೆ ಬೇರೆ ಕೋಣೆ. ಮಕ್ಕಳ ಲಸಿಕೆಗಳನ್ನು ನಿಲ್ಲಿಸಬೇಡಿ, ಆದರೆ ಬಾಯಿಗೆ ಹಾಕುವ ಪೋಲಿಯೋ ಹನಿಯ ಬಗ್ಗೆ ಕೇಳಿ: ಅದರ ಜೀವಂತ ವೈರಾಣು ಮಗುವಿನ ಮಲದಲ್ಲಿ ವಾರಗಟ್ಟಲೆ ಹೊರಬರುವುದರಿಂದ ಅದರ ಬದಲು ಚುಚ್ಚುಮದ್ದು ಕೊಡಿಸುವುದು ಲೇಸು. ನಿಮ್ಮ ಪತಿಗೆ ದಡಾರ, ಸೀತಾಳೆ ಸಿಡುಬಿನಂತಹ ಜೀವಂತ ಲಸಿಕೆಗಳು ಇನ್ನು ಸಲ್ಲ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಅಂದೇ ಫೋನ್ ಮಾಡಿ. ತಡೆಯುವ ಚಿಕಿತ್ಸೆ ಕೆಲಸ ಮಾಡುವುದು ಮೊದಲ ಕೆಲವು ದಿನಗಳಲ್ಲಿ. ಜ್ವರದ ಲಸಿಕೆ, ಅಂದರೆ ಇನ್‌ಫ್ಲುಯೆಂಜಾದ ಚುಚ್ಚುಮದ್ದು, ನಿಮಗೂ ಮಕ್ಕಳಿಗೂ ಈಗಲೇ ಆಗಬಹುದು.

ನಿಜವಾಗಿ ದೂರವಿರಿಸಬೇಕಾದವು ಬೇರೆಯೇ ಇವೆ. ಕಟ್ಟಡ ಒಡೆಯುವ, ಹಳೆಯ ಗೋಡೆ ಕೆರೆಯುವ ಧೂಳು, ಕೊಳೆತ ಎಲೆಗೊಬ್ಬರ, ಹಕ್ಕಿಗಳ ಹಿಕ್ಕೆ ಇವುಗಳಲ್ಲಿ ಶಿಲೀಂಧ್ರದ ಬೀಜಗಳಿರುತ್ತವೆ. ಬೆಕ್ಕಿನ ಮಲ ತೆಗೆಯುವ ಕೆಲಸ ಬೇರೆಯವರದಾಗಲಿ. ಕಾಯಿಸದ ಹಾಲು, ಅರೆಬೆಂದ ಮೊಟ್ಟೆ ಮತ್ತು ಮಾಂಸ, ತೆರೆದಿಟ್ಟು ಮಾರುವ ಹೆಚ್ಚಿದ ಹಣ್ಣು ಬೇಡ. ಉಳಿದಂತೆ ಬಿಸಿಯಾಗಿ, ಆಗತಾನೇ ಮಾಡಿದ ಸಾಮಾನ್ಯ ಊಟ ಸಾಕು. ಮುಖಗವಸು ಆಸ್ಪತ್ರೆಗೆ ಮತ್ತು ಜನ ಸೇರುವ ಕಡೆಗೆ. ಸ್ವಂತ ಮನೆಯಲ್ಲಿ ಹಗಲಿಡೀ ಹಾಕಿಸಬೇಡಿ.

ನೀರಿನ ವಿಷಯದಲ್ಲಿ ಅವರು ತಮ್ಮ ಮನಸ್ಸಿನೊಡನೆಯೇ ಹೋರಾಡಬೇಕಾಗುತ್ತದೆ. ಡಯಾಲಿಸಿಸ್‌ನ ವರ್ಷಗಳಲ್ಲಿ ಒಂದೊಂದು ಗುಟುಕನ್ನೂ ಲೆಕ್ಕ ಹಾಕಿ, ಬಾಯಾರಿದರೆ ಮಂಜುಗಡ್ಡೆಯ ಚೂರು ಚೀಪಿ ಕಾಲ ಕಳೆದವರು. ಈಗ ದಿನಕ್ಕೆ ಎರಡರಿಂದ ಮೂರು ಲೀಟರ್ ಕುಡಿಯಿರಿ ಎಂದರೆ ಕೈ ಲೋಟದ ಬಳಿ ಹೋಗಿ ನಿಲ್ಲುತ್ತದೆ. ಅರ್ಧ ಲೋಟ ಕುಡಿದು ಇಟ್ಟುಬಿಡುತ್ತಾರೆ, ಕೇಳಿದರೆ ಕುಡಿದಾಯಿತು ಎನ್ನುತ್ತಾರೆ. ಅದು ಸುಳ್ಳಲ್ಲ, ಹಳೆಯ ಲೆಕ್ಕ. ಅಳತೆಯ ಗೆರೆ ಇರುವ ಒಂದು ಲೀಟರ್ ಬಾಟಲಿಯನ್ನು ಎದುರಿಗಿಡಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆಗೆ ಉಳಿದದ್ದು. ನಿಮ್ಮವರಿಗೆ ಎಷ್ಟು ಎಂದು ವೈದ್ಯರು ಹೇಳಿದ್ದರೆ ಅದೇ ಅಂತಿಮ.

ನಡುಗುವ ಕೈ ಟ್ಯಾಕ್ರೋಲಿಮಸ್‌ನ ಗುರುತು. ಡೋಸ್ ಇಳಿದಂತೆ ಸಾಮಾನ್ಯವಾಗಿ ಇದೂ ಇಳಿಯುತ್ತದೆ. ನಡುಕ ಏಕಾಏಕಿ ಹೆಚ್ಚಾದರೆ, ತಲೆನೋವು ಜೊತೆಗೂಡಿದರೆ ಔಷಧ ಹೆಚ್ಚಾಗಿರಬಹುದು, ತಿಳಿಸಿ. ನಿದ್ದೆಗೆಡುವುದು, ಸಿಡುಕು, ಯಾವಾಗಲೂ ಹಸಿವು ಇವು ಸ್ಟೀರಾಯ್ಡ್‌ನ ಕೆಲಸ. ಬೆಳಿಗ್ಗೆಯೇ ಕೊಡಿ ಎಂದು ಬರೆದಿರುತ್ತಾರೆ. ರಾತ್ರಿ ಕೊಡುತ್ತಿದ್ದರೆ ನಿದ್ದೆ ಬಾರದಿರುವುದಕ್ಕೆ ಅದೇ ಕಾರಣ ಇರಬಹುದು, ಚೀಟಿ ನೋಡಿ. ಈ ಎರಡೂ ಔಷಧಗಳು ಸಕ್ಕರೆಯನ್ನು ಏರಿಸುತ್ತವೆ, ಮೊದಲು ಮಧುಮೇಹ ಇಲ್ಲದವರಿಗೂ ಬರಬಹುದು. ಅವರ ಸಿಡುಕನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಲೂ ಬೇಡಿ. ಅಕ್ಕನ ಋಣ ಹೇಗೆ ತೀರಿಸಲಿ ಎಂಬ ಭಾರ, ಕಿಡ್ನಿ ಕೈಕೊಟ್ಟರೆ ಎಂಬ ದಿಗಿಲು ಅನೇಕರಲ್ಲಿ ಕೋಪವಾಗಿಯೇ ಹೊರಬೀಳುತ್ತದೆ. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಊಟ ಮಾತು ಎರಡೂ ಬೇಡವೆಂದರೆ, ಮುಂದಿನ ಭೇಟಿಯಲ್ಲಿ ಅದನ್ನೂ ರೋಗಲಕ್ಷಣವೆಂದೇ ಹೇಳಿ.

ಎಷ್ಟು ದಿನ ಎಂದರೆ, ಮೂರು ತಿಂಗಳು ಕಟ್ಟುನಿಟ್ಟು, ಆರು ತಿಂಗಳವರೆಗೆ ಎಚ್ಚರ. ಸೋಂಕು ತಡೆಗೆ ಕೊಟ್ಟಿರುವ ಕೆಲವು ಮಾತ್ರೆಗಳು ಆ ಹೊತ್ತಿಗೆ ನಿಲ್ಲುತ್ತವೆ. ಕುಳಿತು ಮಾಡುವ ಕೆಲಸವಾದರೆ ಎರಡು ಮೂರು ತಿಂಗಳಿಗೆ ಅನೇಕರು ಕಚೇರಿಗೆ ಮರಳುತ್ತಾರೆ. ಬದುಕಿಡೀ ಉಳಿಯುವುದು ಮಾತ್ರೆಯ ಹೊತ್ತು, ರಕ್ತ ಪರೀಕ್ಷೆ ಮತ್ತು ಬಿಸಿಲಿನ ಎಚ್ಚರ. ಈ ಔಷಧಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚು, ಆದ್ದರಿಂದ ತುಂಬು ತೋಳಿನ ಅಂಗಿ, ಟೋಪಿ ಅಭ್ಯಾಸವಾಗಲಿ.

ನಿಮ್ಮ ಪತ್ರದಲ್ಲಿ ಅಕ್ಕನ ಬಗ್ಗೆ ‘ಕೊಟ್ಟರು’ ಎಂಬುದರ ಹೊರತು ಏನೂ ಇಲ್ಲ. ಅವರಿಗೂ ಶಸ್ತ್ರಚಿಕಿತ್ಸೆಯಾಗಿದೆ, ಅವರೂ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಕಾಯಿಲೆಯಿಲ್ಲದೆ ಆಸ್ಪತ್ರೆಗೆ ಹೋಗಿ ನೋವು ಹೊತ್ತು ಬಂದವರು ಅವರೊಬ್ಬರೇ. ಬಂದ ಮೇಲೆ ಎಲ್ಲರೂ ತಮ್ಮನ ಸುತ್ತ ನಿಂತಿರುತ್ತಾರೆ. ಆಯಾಸ ಕೆಲವು ವಾರ, ಕೆಲವರಿಗೆ ಎರಡು ಮೂರು ತಿಂಗಳು ಇರುತ್ತದೆ. ಅವರ ಕ್ರಿಯಾಟಿನಿನ್ ಮೊದಲಿಗಿಂತ ಸ್ವಲ್ಪ ಮೇಲೆ ನಿಲ್ಲುವುದು ನಿರೀಕ್ಷಿತವೇ, ಗಾಬರಿ ಬೇಡ. ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಅವರೂ ದೂರವಿಡಬೇಕು. ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಬೇಕು, ಬದುಕಿಡೀ. ಅವರಿಗೆ ಫೋನ್ ಮಾಡಿದಾಗ ಹೇಗಿದ್ದೀರಿ ಎಂದು ಕೇಳಿ, ತಪಾಸಣೆಗೆ ಮತ್ತೆ ಯಾವತ್ತು ಬರಲು ಹೇಳಿದ್ದಾರೆ ಎಂದೂ ಕೇಳಿ. ಜೊತೆಗೆ ಯಾರೂ ಇಲ್ಲದಿದ್ದರೆ ನೀವೇ ಹೋಗಿಬನ್ನಿ.